ಸಾವಿಗೆ ನೆವ, ಸಾವಿಗೆ ಕಾರಣ

"ಹೆತ್ತದ್ದು ಎಂಟು, ಉಳಿದದ್ದು ಐದು" ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಆ ಮಾತಿನಲ್ಲಿ ದುಃಖವಿತ್ತೆಂದು ಹೇಳಲಾರೆ. ಗದ್ದೆಯ ಹುಟ್ಟುವಳಿಯನ್ನು ಲೆಕ್ಕ ಹೇಳುವ ಧ್ವನಿಯಲ್ಲಿಯೇ ಅದನ್ನೂ ಹೇಳುತ್ತಿದ್ದರು. ಉಳಿಯದ ಆ ಮೂರು ಕೂಸುಗಳಿಗೆ ಏನಾಗಿತ್ತೆಂದು ನಾನು ಹುಡುಗನಾಗಿದ್ದಾಗ ಒಮ್ಮೆ ಕೇಳಿದೆ. ಒಂದಕ್ಕೆ ಬಾಲಗ್ರಹ ಬಡಿಯಿತು, ಇನ್ನೊಂದು ಹಲ್ಲು ಬರುವ ಕಾಲದಲ್ಲಿ ಭೇದಿಯಾಗಿ ಹೋಯಿತು, ಮೂರನೆಯದು ಬಂದ ದಾರಿಗೇ ಹೋಯಿತು ಎಂದರು. ನಾನು ಮತ್ತೂ ಕೆದಕಿದಾಗ, "ಸಾವಿಗೊಂದು ನೆವ ಬೇಕಲ್ಲ ಮಗು, ಅದನ್ನೆಲ್ಲ ಕೇಳಬಾರದು" ಎಂದು ಮಾತು ಮುಗಿಸಿದರು.

ನೆವ ಎಂಬ ಈ ಪದವನ್ನು ನಮ್ಮ ಜನ ಬಹು ಎಚ್ಚರದಿಂದ ಬಳಸುತ್ತಾರೆಂದು ನನಗೆ ಅನಂತರ ತಿಳಿಯಿತು. ನೆವ ಬೇರೆ, ಕಾರಣ ಬೇರೆ. ನೆವವೆಂಬುದು ಮೇಲೆ ಕಾಣುವಂಥದು. ಬರಬೇಕಾದುದು ಬಂದೇ ಬರುತ್ತಿತ್ತು, ಇದೊಂದು ಹೊರನೋಟದ ನಿಮಿತ್ತ ಮಾತ್ರ ಎಂಬ ಸಮಾಧಾನ ಅದರಲ್ಲಿದೆ. ಕಾರಣವೆಂಬ ಮಾತಿನಲ್ಲಿ ಅಂಥ ಸಮಾಧಾನವಿಲ್ಲ. ಕಾರಣವಿದ್ದರೆ ಅದನ್ನು ತಡೆಯಬಹುದಿತ್ತು. ತಡೆಯಬಹುದಿದ್ದರೆ ಯಾರೋ ಉತ್ತರ ಹೇಳಬೇಕಾಗುತ್ತದೆ. ಮೂರು ಮಕ್ಕಳನ್ನು ಕಳೆದುಕೊಂಡ ತಾಯಿ ಕಾರಣವನ್ನು ಬಿಟ್ಟು ನೆವವನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಈ ಹಳೆಯ ಸಂಭಾಷಣೆ ನನಗೆ ಮತ್ತೆ ನೆನಪಾದದ್ದು ಒಂದು ನೀರಸವಾದ ಓದಿನ ನಡುವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪಟ್ಟಣಗಳ ಆರೋಗ್ಯಾಧಿಕಾರಿಗಳು ವರ್ಷಕ್ಕೊಮ್ಮೆ ಸಿದ್ಧಪಡಿಸುತ್ತಿದ್ದ ವರದಿಗಳು ಹೇಗಿರುತ್ತವೆಂದು ತಿಳಿಯುವ ಕುತೂಹಲ ಹುಟ್ಟಿ, ಅವುಗಳ ಬೆನ್ನು ಹತ್ತಿದೆ. ಜನಸಂಖ್ಯೆ ಎಷ್ಟು, ಜನನವೆಷ್ಟು, ಮರಣವೆಷ್ಟು, ಯಾವ ವಯಸ್ಸಿನವರು ಯಾವ ರೋಗದಿಂದ ಸತ್ತರು, ಎಷ್ಟು ಮನೆಗಳ ಚರಂಡಿಯನ್ನು ಪರೀಕ್ಷಿಸಲಾಯಿತು, ಎಷ್ಟು ಕೊಟ್ಟಿಗೆಗಳು, ಎಷ್ಟು ರೊಟ್ಟಿಯ ಭಟ್ಟಿಗಳು: ಪುಟದಿಂದ ಪುಟಕ್ಕೆ ಕೋಷ್ಟಕಗಳೇ. ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಇಂಥ ಲೆಕ್ಕಪತ್ರದ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ನೆವವನ್ನು ಕಾರಣವಾಗಿ ಮಾರ್ಪಡಿಸಲು ಒಂದು ಸಮಾಜ ಪಟ್ಟ ಪಾಡೆಲ್ಲ ಈ ಕೋಷ್ಟಕಗಳಲ್ಲಿ ಇದೆ ಎಂಬುದೇ ನನ್ನ ಉತ್ತರ.

ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಸತ್ತವರ ಹೆಸರು, ವಯಸ್ಸು, ಕಸುಬುಗಳ ಜೊತೆಗೆ ಮರಣಕಾರಣಕ್ಕೂ ಅದರಲ್ಲಿ ಒಂದು ಅಂಕಣವಿತ್ತು. ಆ ಅಂಕಣದಿಂದ ಅರ್ಥವನ್ನು ಹೊರತೆಗೆದವನು ವಿಲಿಯಂ ಫಾರ್ ಎಂಬ ವೈದ್ಯ. 1874ರ ಶಾಸನ ವೈದ್ಯರ ಪ್ರಮಾಣಪತ್ರವನ್ನು ವಿಧಿಸಿತು. 1872ರ ಶಾಸನದಂತೆ ಪ್ರತಿಯೊಂದು ಸ್ಥಳೀಯ ನೈರ್ಮಲ್ಯ ಸಂಸ್ಥೆಯೂ ಒಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಬೇಕಾಯಿತು. 1889ರಲ್ಲಿ ಮತ್ತೊಂದು ಕಾನೂನು ಬಂದಿತು: ಸಿಡುಬು, ಗಂಟಲಮಾರಿ, ವಿಷಮಶೀತ ಜ್ವರ, ಬಾಣಂತಿ ಜ್ವರ ಮೊದಲಾದ ಕೆಲವು ಸಾಂಕ್ರಾಮಿಕಗಳನ್ನು ಕಂಡ ವೈದ್ಯನು ಆರೋಗ್ಯಾಧಿಕಾರಿಗೆ ತಿಳಿಸತಕ್ಕದ್ದು, ಖಾಸಗಿ ರೋಗಿಯಾದರೆ ಪ್ರತಿ ವರ್ತಮಾನಕ್ಕೂ ಅವನಿಗೆ ಎರಡೂವರೆ ಷಿಲಿಂಗು ಸಲ್ಲತಕ್ಕದ್ದು. ಮೊದಲು ಲಂಡನ್ನಿಗೆ ಮಾತ್ರ ಕಡ್ಡಾಯವಾಗಿದ್ದ ಈ ಕಾನೂನು 1899ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಹೀಗೆ ಆರೋಗ್ಯಾಧಿಕಾರಿಯ ಮೇಜಿಗೆ ಎರಡು ಕಡೆಯಿಂದ ಸುದ್ದಿ ಬರತೊಡಗಿತು. ನೋಂದಣಿಯ ಕಛೇರಿಯಿಂದ ಸತ್ತವರ ಪಟ್ಟಿ. ವೈದ್ಯರಿಂದ ಇನ್ನೂ ಬದುಕಿರುವ ರೋಗಿಗಳ ಪಟ್ಟಿ. ಒಂದು ಆಗಿಹೋದುದರ ವರದಿ, ಇನ್ನೊಂದು ಆಗಬಹುದಾದುದರ ಎಚ್ಚರಿಕೆ.

ಒಂದು ಪ್ರದೇಶವನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಮಧ್ಯಭಾಗಕ್ಕೆ ತಾಗಿಕೊಂಡಿದ್ದ ಫಿನ್ಸ್‌ಬರಿ 1900ರಲ್ಲಿ ಪ್ರತ್ಯೇಕ ಪುರಸಭೆಯಾಯಿತು. ಕ್ಲರ್ಕನ್‌ವೆಲ್, ಸೇಂಟ್ ಲ್ಯೂಕ್ ಮೊದಲಾದ ಹಳೆಯ ಪೇಟೆಗಳು ಅದರಲ್ಲಿ ಸೇರಿದ್ದುವು. ಗಡಿಯಾರ ಮಾಡುವವರಿಗೆ ಪ್ರಸಿದ್ಧವಾದ ಬೀದಿಗಳು ಅಲ್ಲಿದ್ದುವು. ಒಂದು ಚದರ ಮೈಲಿಗೂ ಕಡಿಮೆಯಾದ ಆ ನೆಲದಲ್ಲಿ 1901ರ ಗಣತಿಯಂತೆ ಒಂದು ಲಕ್ಷಕ್ಕೂ ತುಸು ಹೆಚ್ಚು ಜನ ವಾಸವಾಗಿದ್ದರು. ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ಅದು ಅತಿಸಂದಣಿ ಎಂಬುದು ಅಂದಿನ ಗಣತಿಯ ಅಳತೆ. ಆ ಅಳತೆಯಿಂದ ನೋಡಿದರೆ ಫಿನ್ಸ್‌ಬರಿಯ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಅತಿಸಂದಣಿಯಲ್ಲಿ ಬದುಕುತ್ತಿದ್ದರು. ಈ ಪುರಸಭೆಗೆ ಆರೋಗ್ಯಾಧಿಕಾರಿಯಾಗಿ ಬಂದವನು ಜಾರ್ಜ್ ನ್ಯೂಮನ್. ಆಗ ಅವನಿಗೆ ಮೂವತ್ತು ವರ್ಷ.

ಅಂದಿನ ದೊಡ್ಡ ಒಗಟು ಶಿಶುಮರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದೇಶದ ಒಟ್ಟು ಮರಣಪ್ರಮಾಣ ಇಳಿಯುತ್ತಿತ್ತು. ಕೂಸುಗಳ ಮರಣ ಮಾತ್ರ ಇಳಿಯದೆ ನಿಂತಿತ್ತು. 1899ರಲ್ಲಿ ಇಂಗ್ಲೆಂಡು ವೇಲ್ಸ್‌ಗಳಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 163 ಮಕ್ಕಳು ಒಂದು ವರ್ಷ ತುಂಬುವುದರೊಳಗೆ ಸತ್ತುವು. ಸಾಮ್ರಾಜ್ಯದ ಶ್ರೀಮಂತ ದೇಶದಲ್ಲಿ, ಆರು ಮಕ್ಕಳಲ್ಲಿ ಸುಮಾರು ಒಂದು. ನ್ಯೂಮನ್ ಈ ವಿಷಯವನ್ನೇ ಹಿಡಿದು, 1906ರಲ್ಲಿ ಶಿಶುಮರಣವೊಂದು ಸಾಮಾಜಿಕ ಸಮಸ್ಯೆ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದ.

ಆ ಕಾಲದ ಮರಣಪತ್ರಗಳಲ್ಲಿ ಕೂಸುಗಳ ಸಾವಿಗೆ ಕೊಟ್ಟ ಹೆಸರುಗಳನ್ನು ನೋಡಿ ನಾನು ಬೆರಗಾದೆ. ಹುಟ್ಟು ನಿಶ್ಶಕ್ತಿ, ಕೃಶತೆ, ಸೆಳವು, ಹಲ್ಲು ಬರುವಿಕೆ. ಸೆಳವೆಂದರೆ ನಮ್ಮ ಬಾಲಗ್ರಹವಲ್ಲವೆ? ಹಲ್ಲು ಬರುವ ಕಾಲದ ಭೇದಿ, ಬಂದ ದಾರಿಗೇ ಹೋದ ಕೂಸು: ನನ್ನ ಅಜ್ಜಿ ಹೇಳಿದ ಮೂರು ನೆವಗಳೂ ಲಂಡನ್ನಿನ ವೈದ್ಯರ ಕೈಬರಹದಲ್ಲಿ, ಸರ್ಕಾರಿ ಮುದ್ರೆಯೊಡನೆ, ಅಲ್ಲಿದ್ದುವು! ನಮ್ಮ ಹಳ್ಳಿಯ ಮುದುಕಿಯರ ಮಾತನ್ನು ಮೂಢನಂಬಿಕೆ ಎಂದು ನಕ್ಕು ತಳ್ಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಹಲ್ಲು ಬಂದು ಯಾವ ಮಗುವೂ ಸಾಯುವುದಿಲ್ಲ. ತಾಯಿಯ ಹಾಲು ಕಡಿಮೆಯಾಗಿ ಹೊರಗಿನ ಆಹಾರ ಬಾಯಿಗೆ ಬೀಳುವ ಕಾಲವೂ ಹಲ್ಲು ಮೂಡುವ ಕಾಲವೂ ಒಂದೇ ಆದುದರಿಂದ, ಆಹಾರದ ದೋಷವನ್ನು ಹಲ್ಲು ಹೊತ್ತುಕೊಂಡಿತು. ಇಂಥ ಮಬ್ಬು ಹೆಸರುಗಳನ್ನು ಕಳೆದು ದೇಶದೇಶಗಳಿಗೆ ಸಮಾನವಾದ ಒಂದು ಪಟ್ಟಿಯನ್ನು ತರಲು ಫ್ರಾನ್ಸಿನ ಝಾಕ್ ಬೆರ್ತಿಯೋ 1893ರಲ್ಲಿ ಯತ್ನಿಸಿದ. ಇಂಗ್ಲೆಂಡು ಅಂತರರಾಷ್ಟ್ರೀಯ ಪಟ್ಟಿಯನ್ನು ಒಪ್ಪಿದ್ದು 1911ರಲ್ಲಿ.

ಆದರೆ ಹೆಸರನ್ನು ಶುದ್ಧಮಾಡಿದ ಮಾತ್ರಕ್ಕೆ ಕಾರಣ ಸಿಕ್ಕುವುದಿಲ್ಲ. ಹೆಸರನ್ನು ಕಾಲದೊಡನೆ, ಸ್ಥಳದೊಡನೆ ಕೂಡಿಸಿ ನೋಡಬೇಕು. ಬೇಸಗೆಯ ಭೇದಿಯೇ ಇದಕ್ಕೆ ನಿದರ್ಶನ. ನೆಲದೊಳಗೆ ನಾಲ್ಕು ಅಡಿ ಆಳದಲ್ಲಿಟ್ಟ ಉಷ್ಣಮಾಪಕ 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಮಕ್ಕಳ ಭೇದಿಯ ಸಾವುಗಳು ಏರತೊಡಗುತ್ತವೆ ಎಂದು ಎಡ್ವರ್ಡ್ ಬ್ಯಾಲರ್ಡ್ 1889ರಲ್ಲಿಯೇ ತೋರಿಸಿದ್ದ. ನೆಲದ ಬಿಸಿಗೂ ಕೂಸಿನ ಕರುಳಿಗೂ ಏನು ಸಂಬಂಧ? ಕೆಲವರು ನೆಲದಿಂದ ಏಳುವ ಕೆಟ್ಟ ಹಬೆಯೆಂದರು. ಉತ್ತರ ಹಾಲಿನ ಪಾತ್ರೆಯಲ್ಲಿತ್ತು. ಹಳ್ಳಿಯ ಕೊಟ್ಟಿಗೆಯಲ್ಲಿ ಕರೆದ ಹಾಲು ರೈಲಿನಲ್ಲಿ ಬಂದು, ಅಂಗಡಿಯಲ್ಲಿ ತೆರೆದಿಟ್ಟು, ಮನೆಯವರೆಲ್ಲ ಮಲಗುವ ಕೋಣೆಯಲ್ಲಿಯೇ ಒಂದು ಜಗ್ಗಿನಲ್ಲಿ ಹಗಲೆಲ್ಲ ಕುಳಿತಿರುತ್ತಿತ್ತು. ಬೀದಿಯ ತುಂಬ ಕುದುರೆಯ ಲದ್ದಿ, ಲದ್ದಿಯ ತುಂಬ ನೊಣ. ಬೇಸಗೆ ಬಲಿತಂತೆಲ್ಲ ನೊಣವೂ ಬಲಿಯುತ್ತಿತ್ತು, ಹಾಲಿನಲ್ಲಿಯ ವಿಷವೂ ಬಲಿಯುತ್ತಿತ್ತು. ನ್ಯೂಮನ್ 1903ರಲ್ಲಿ ಫಿನ್ಸ್‌ಬರಿಯ ಹಾಲಿನ ಸರಬರಾಯಿಯ ಮೇಲೆಯೇ ಒಂದು ವರದಿ ಬರೆದ. 1904ರಲ್ಲಿ ಅಲ್ಲಿ ಕೂಸುಗಳಿಗಾಗಿ ಶುದ್ಧವಾದ ಹಾಲಿನ ಕೇಂದ್ರವೊಂದು ತೆರೆಯಿತು. ಇಂಗ್ಲೆಂಡಿನಲ್ಲಿ ಇಂಥ ಮೊದಲ ಕೇಂದ್ರ 1899ರಲ್ಲಿ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ಆರಂಭವಾಗಿತ್ತು. ಹವಾಮಾನದ ಪ್ರಾಬಲ್ಯ ಎಷ್ಟಿತ್ತೆಂದರೆ, 1910ರಲ್ಲಿ ಸಾವಿರಕ್ಕೆ 105 ಇದ್ದ ದೇಶದ ಶಿಶುಮರಣ ಕಡುಬೇಸಗೆಯ 1911ರಲ್ಲಿ 130ಕ್ಕೆ ಹಾರಿ, ತಂಪಾದ 1912ರಲ್ಲಿ 95ಕ್ಕೆ ಇಳಿಯಿತು.

ಇನ್ನು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಕೋಷ್ಟಕ. ಸತ್ತ ಕೂಸು ಎಷ್ಟು ಕೋಣೆಗಳ ಮನೆಯಲ್ಲಿ ಹುಟ್ಟಿತ್ತು ಎಂದು ನ್ಯೂಮನ್ ಲೆಕ್ಕ ಹಾಕಿಸಿದ. 1905ರಲ್ಲಿ ಫಿನ್ಸ್‌ಬರಿಯ ಒಂದೇ ಕೋಣೆಯ ಮನೆಗಳಲ್ಲಿ ಸಾವಿರ ಜನನಕ್ಕೆ 219 ಶಿಶುಮರಣ, ಎರಡು ಕೋಣೆಗಳಲ್ಲಿ 157, ಮೂರರಲ್ಲಿ 141, ನಾಲ್ಕು ಅಥವಾ ಹೆಚ್ಚು ಕೋಣೆಗಳಲ್ಲಿ 99. ನಾಲ್ಕೇ ಅಂಕೆಗಳು. ಒಂದೊಂದು ಗೋಡೆ ಸೇರಿದಂತೆಲ್ಲ ಸಾವು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೋಣೆಯೇ ಮಗುವನ್ನು ಕೊಂದಿತೆಂದು ಇದರ ಅರ್ಥವಲ್ಲ. ಒಂದೇ ಕೋಣೆಯಲ್ಲಿ ಇರುವವರು ಆದಾಯದಲ್ಲಿಯೂ ಆಹಾರದಲ್ಲಿಯೂ ದೇಹಶಕ್ತಿಯಲ್ಲಿಯೂ ಹಿಂದುಳಿದವರೇ. ಕೋಣೆಯ ಸಂಖ್ಯೆ ಬಡತನದ ಒಂದು ಅಳತೆಗೋಲು. ಆದರೆ ಆ ಅಳತೆಗೋಲು ಎಷ್ಟು ನೇರವಾಗಿ ನಿಂತಿದೆ!

ಇಲ್ಲಿಯೇ ಕಥೆಯ ತೊಡಕು ಇರುವುದು. ಈ ಕೋಷ್ಟಕವನ್ನು ರಚಿಸಿದ ನ್ಯೂಮನ್ ಕೊನೆಗೆ ತಲಪಿದ ತೀರ್ಮಾನ ಬಡತನದ ಕಡೆಗೆ ಬೆರಳು ತೋರಲಿಲ್ಲ. ಮನೆಯಾಗಲಿ ಚರಂಡಿಯಾಗಲಿ ಬಡತನವಾಗಲಿ ಮುಖ್ಯವಲ್ಲ, ತಾಯ್ತನದ ಪ್ರಶ್ನೆಯೇ ಮುಖ್ಯ ಎಂಬುದು ಅವನ ನಿಲುವು. ತಾಯಂದಿರಿಗೆ ತಿಳಿವಳಿಕೆ ಸಾಲದು, ಮಗುವಿಗೆ ಹಾಲೂಡಿಸುವ ಕ್ರಮ ಗೊತ್ತಿಲ್ಲ, ಕೆಲಸಕ್ಕೆ ಹೋಗುತ್ತಾರೆ, ಆದುದರಿಂದ ಅವರಿಗೆ ಬೋಧಿಸಬೇಕು. ಹಾಗಾದರೆ ನಾನು ಕೇಳುತ್ತೇನೆ: ಒಂದು ಕೋಣೆಯ ತಾಯಿಗಿಂತ ನಾಲ್ಕು ಕೋಣೆಗಳ ತಾಯಿ ಇಮ್ಮಡಿ ಜಾಣೆಯೆ? ತಿಳಿವಳಿಕೆ ಕೋಣೆಗಳ ಲೆಕ್ಕದಲ್ಲಿ ಹೆಚ್ಚುತ್ತದೆಯೆ?

ಇದಕ್ಕೆ ಉತ್ತರ ಬೇಗನೆಯೇ ಬಂದಿತು, ಬಂದದ್ದು ಹೆಂಗಸರಿಂದ. ಫೇಬಿಯನ್ ಮಹಿಳಾ ಮಂಡಲಿಯವರು 1909ರಿಂದ ಲಂಡನ್ನಿನ ಲ್ಯಾಂಬೆತ್ ಪೇಟೆಯ ಮನೆಗಳಿಗೆ ವಾರವಾರವೂ ಹೋಗಿ, ತಾಯಂದಿರಿಂದಲೇ ಖರ್ಚಿನ ಲೆಕ್ಕ ಬರೆಸಿದರು. ಮಾಡ್ ಪೆಂಬರ್ ರೀವ್ಸ್ 1913ರಲ್ಲಿ ಪ್ರಕಟಿಸಿದ ಗ್ರಂಥ ಆ ಲೆಕ್ಕದಿಂದ ಹುಟ್ಟಿತು. ವಾರಕ್ಕೆ ಸುಮಾರು ಒಂದು ಪೌಂಡಿನಲ್ಲಿ ಬಾಡಿಗೆ, ಇದ್ದಲು, ಶವಸಂಸ್ಕಾರದ ವಿಮೆ ಕಳೆದು ಉಳಿದುದರಲ್ಲಿ ಗಂಡನಿಗೂ ಮಕ್ಕಳಿಗೂ ಬಡಿಸಿ, ಕೊನೆಗೆ ತಾನು ಉಣ್ಣುವ ಹೆಂಗಸು ಅಜ್ಞಾನಿಯಲ್ಲ, ಅವಳು ಅರ್ಥಶಾಸ್ತ್ರಜ್ಞೆ ಎಂಬುದು ಅದನ್ನು ಓದಿದವರಿಗೆ ತಿಳಿಯುತ್ತದೆ. ಮಗುವಿಗೆ ಹಾಲು ಒಳ್ಳೆಯದೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಲು ಕೊಳ್ಳಲು ಕಾಸು ಬೇಕಾಗಿತ್ತು. 1915ರಲ್ಲಿ ಮಹಿಳಾ ಸಹಕಾರಿ ಸಂಘದವರು ದುಡಿಯುವ ಹೆಂಗಸರು ತಮ್ಮ ಬಸಿರು ಬಾಣಂತನಗಳ ಬಗೆಗೆ ಬರೆದ ಪತ್ರಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಎಷ್ಟು ಹೆತ್ತೆ, ಎಷ್ಟು ಉಳಿದುವು ಎಂಬ ಲೆಕ್ಕ ಆ ಪುಸ್ತಕದಲ್ಲಿಯೂ ಇದೆ. ಅದನ್ನು ಓದುವಾಗ ನನ್ನ ಕಿವಿಯಲ್ಲಿ ಅಜ್ಜಿಯ ಧ್ವನಿ ಕೇಳಿಸಿತು.

ಎಣಿಸುವವರು ಏನನ್ನು ಎಣಿಸದೆ ಬಿಟ್ಟರು ಎಂಬುದನ್ನೂ ಗಮನಿಸಬೇಕು. ದಡಾರ ಮತ್ತು ನಾಯಿಕೆಮ್ಮುಗಳು ಅಂದಿನ ಎಳೆಯ ಮಕ್ಕಳ ಪಾಲಿಗೆ ಯಮದೂತರಾಗಿದ್ದರೂ 1889ರ ಪಟ್ಟಿಯಲ್ಲಿ ಅವೆರಡಕ್ಕೂ ಸ್ಥಾನವಿರಲಿಲ್ಲ. ಸತ್ತು ಹುಟ್ಟಿದ ಕೂಸುಗಳನ್ನು ಇಂಗ್ಲೆಂಡು ನೋಂದಾಯಿಸತೊಡಗಿದ್ದು 1927ರಲ್ಲಿ. ಶ್ವಾಸಕೋಶದ ಕ್ಷಯವನ್ನು ತಿಳಿಸುವುದು ಎಲ್ಲರಿಗೂ ಕಡ್ಡಾಯವಾದದ್ದು 1912ರಲ್ಲಿ. ಮರಣದ ಪ್ರಮಾಣಪತ್ರ ಸತ್ತವರ ಮನೆಯವರ ಕೈಗೇ ಹೋಗುತ್ತಿದ್ದುದರಿಂದ ಗುಹ್ಯರೋಗವನ್ನಾಗಲಿ ಕುಡಿತವನ್ನಾಗಲಿ ಅದರಲ್ಲಿ ಬರೆಯಲು ವೈದ್ಯರ ಲೇಖನಿ ಹಿಂಜರಿಯುತ್ತಿತ್ತು. ದಾಕ್ಷಿಣ್ಯವೂ ಒಂದು ಬಗೆಯ ನೆವವೇ.

ಇಷ್ಟಾದರೂ ನ್ಯೂಮನ್ನನನ್ನು ಹಳಿಯಲು ನನಗೆ ಮನಸ್ಸಿಲ್ಲ. ತನ್ನ ಅಭಿಪ್ರಾಯಕ್ಕೆ ಒಗ್ಗದ ಅಂಕೆಗಳನ್ನು ಅವನು ಬಚ್ಚಿಡಲಿಲ್ಲ, ತಿದ್ದಲಿಲ್ಲ. ತನ್ನ ಹೆಸರಿನಲ್ಲಿಯೇ ಅಚ್ಚುಹಾಕಿಸಿದ. ಇಂದು ನಾವು ಅವನನ್ನು ವಿರೋಧಿಸುವುದು ಅವನೇ ಕೊಟ್ಟ ಸಾಕ್ಷ್ಯದಿಂದ. ಲೆಕ್ಕ ಬರೆಯುವವನಿಂದ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ಕಷ್ಟ. ಮುಂದೆ ಅವನು 1907ರಲ್ಲಿ ವಿದ್ಯಾಮಂಡಲಿಯ ಮುಖ್ಯ ವೈದ್ಯಾಧಿಕಾರಿಯಾಗಿ ಶಾಲಾಮಕ್ಕಳ ವೈದ್ಯಪರೀಕ್ಷೆಯ ವ್ಯವಸ್ಥೆಯನ್ನು ಕಟ್ಟಿದ. 1919ರಲ್ಲಿ ಹೊಸ ಆರೋಗ್ಯ ಮಂತ್ರಿಶಾಖೆಯ ಮೊದಲ ಮುಖ್ಯ ವೈದ್ಯಾಧಿಕಾರಿಯಾದ. ಶಾಲೆಯಲ್ಲಿ ಊಟ ಕೊಡುವ ಶಾಸನ 1906ರಲ್ಲಿ, ಜನನವನ್ನು 36 ಗಂಟೆಗಳೊಳಗೆ ಆರೋಗ್ಯಾಧಿಕಾರಿಗೆ ತಿಳಿಸುವ ಶಾಸನ 1907ರಲ್ಲಿ, ತಾಯಿ ಮಕ್ಕಳ ಹಿತರಕ್ಷಣೆಯ ಶಾಸನ 1918ರಲ್ಲಿ ಬಂದುವು. 1920ರ ವೇಳೆಗೆ ಶಿಶುಮರಣ ಸಾವಿರಕ್ಕೆ 80ಕ್ಕೆ ಇಳಿದಿತ್ತು. ಇದರ ಕೀರ್ತಿ ಬೋಧನೆಗೆ ಎಷ್ಟು, ಕೂಲಿಗೆ ಎಷ್ಟು, ಶುದ್ಧವಾದ ಹಾಲಿಗೆ ಎಷ್ಟು, ಬೀದಿಯಿಂದ ಮರೆಯಾದ ಕುದುರೆಗಳಿಗೆ ಎಷ್ಟು ಎಂಬ ವಿವಾದ ವಿದ್ವಾಂಸರಲ್ಲಿ ಮುಗಿದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಇದೇ ಕ್ಲರ್ಕನ್‌ವೆಲ್ಲಿನ ಬಡವರನ್ನು ಕುರಿತು ಜಾರ್ಜ್ ಗಿಸ್ಸಿಂಗ್ 1889ರಲ್ಲಿ 'ದಿ ನೆದರ್ ವರ್ಲ್ಡ್' ಎಂಬ ಕಾದಂಬರಿ ಬರೆದ. ಆರ್ನಲ್ಡ್ ಬೆನೆಟ್‌ನ 'ರೈಸಿಮನ್ ಸ್ಟೆಪ್ಸ್' 1923ರಲ್ಲಿ ಬಂದಿತು. ಅದರಲ್ಲಿ ಕ್ಲರ್ಕನ್‌ವೆಲ್ಲಿನ ಜಿಪುಣ ಪುಸ್ತಕವ್ಯಾಪಾರಿಯೊಬ್ಬ, ಅವನ ಹೆಂಡತಿ, ಇಬ್ಬರೂ ಸಾಯುತ್ತಾರೆ. ನೋಂದಣಿಯ ಪುಸ್ತಕ ಅವರ ಹೆಸರಿನೆದುರು ಒಂದೊಂದು ರೋಗವನ್ನು ಬರೆದೀತು. ಕಾದಂಬರಿಯನ್ನು ಓದಿದವನಿಗೆ ಜಿಪುಣತನವೂ ಅರೆಹೊಟ್ಟೆಯೂ ಕಾಣುತ್ತವೆ. ಪಕ್ಕದ ಸೇಂಟ್ ಪ್ಯಾಂಕ್ರಸ್‌ನಲ್ಲಿ ಬರ್ನಾರ್ಡ್ ಷಾ 1897ರಿಂದ 1903ರ ವರೆಗೆ ಸ್ಥಳೀಯ ಸಭೆಯ ಸದಸ್ಯನಾಗಿ ಕುಳಿತು ಚರಂಡಿ, ಸಿಡುಬುಗಳ ಚರ್ಚೆಯನ್ನು ಕೇಳಿದ್ದ. ವೈದ್ಯರನ್ನು ಕುರಿತ ಅವನ ನಾಟಕ ಬಂದದ್ದು 1906ರಲ್ಲಿ. ಕೋಷ್ಟಕ ಎಷ್ಟು ಜನ ಸತ್ತರೆಂದು ಹೇಳುತ್ತದೆ, ಕಾದಂಬರಿ ಸತ್ತವನು ಯಾರೆಂದು ಹೇಳುತ್ತದೆ. ಎರಡೂ ಇಲ್ಲದೆ ಕಾರಣ ಪೂರ್ಣವಾಗುವುದಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಜನನ ಮರಣಗಳ ನೋಂದಣಿಗೆ ನಮ್ಮ ದೇಶದಲ್ಲಿ 1969ರಿಂದ ಒಂದೇ ಕಾನೂನಿದೆ. ನಮ್ಮ ಶಿಶುಮರಣ 2020ರಲ್ಲಿ ಸಾವಿರಕ್ಕೆ 28ಕ್ಕೆ ಇಳಿದಿತ್ತು. ನನ್ನ ಅಜ್ಜಿ ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಅದೇ ವರ್ಷ ನೋಂದಾಯಿತವಾದ ಮರಣಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ. ಉಳಿದ ಸಾವುಗಳಿಗೆ ಇನ್ನೂ ನೆವವೇ ಗತಿ. ಪ್ರಮಾಣಪತ್ರವಿರುವ ಕಡೆಯಲ್ಲಿಯಾದರೂ ಎಲ್ಲವೂ ಸರಿಯಾಗಿದೆಯೆ? ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರದ ಬಂಧುವೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಅವರ ಮೂತ್ರಪಿಂಡಗಳನ್ನು ತಿಂದಿತ್ತು. ನನ್ನ ಕೈಗೆ ಬಂದ ಕಾಗದದಲ್ಲಿ ಬರೆದಿದ್ದುದು: ಹೃದಯ ಮತ್ತು ಉಸಿರಾಟದ ಸ್ತಂಭನ. ಹೃದಯವೂ ಉಸಿರೂ ನಿಲ್ಲದೆ ಸತ್ತವರು ಲೋಕದಲ್ಲಿ ಯಾರಿದ್ದಾರೆ? ಅದು ಸಾವಿನ ಇನ್ನೊಂದು ಹೆಸರೇ ಹೊರತು ಸಾವಿನ ಕಾರಣವಲ್ಲ. ನಮ್ಮ ಪ್ರಮಾಣಪತ್ರದ ನಮೂನೆಯಲ್ಲಿ ಒಂದರ ಕೆಳಗೊಂದು ಸಾಲುಗಳಿವೆ: ಇದು ಯಾವುದರಿಂದ ಉಂಟಾಯಿತು, ಅದು ಮತ್ತಾವುದರಿಂದ ಉಂಟಾಯಿತು ಎಂದು ಕೇಳುತ್ತ ಮೂಲಕ್ಕೆ ಇಳಿಯುವ ಸಾಲುಗಳು. ಮೊದಲನೆಯ ಸಾಲಿನಲ್ಲಿಯೇ ಲೇಖನಿ ನಿಂತುಬಿಟ್ಟರೆ, ಆ ಸಕ್ಕರೆ ಕಾಯಿಲೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ರೋಗಕ್ಕೆ ಯಾವ ಆಯವ್ಯಯದಲ್ಲಿಯೂ ಹಣವಿರುವುದಿಲ್ಲ.

ಆ ಸಾಲುಗಳು ಕೂಡ ಒಂದು ರೋಗದ ಹೆಸರಿನಲ್ಲಿ ಮುಗಿಯುತ್ತವೆ. ಅದಕ್ಕೂ ಕೆಳಗೆ ಇನ್ನೊಂದು ಸಾಲನ್ನು ಎಳೆದದ್ದೇ ಫಿನ್ಸ್‌ಬರಿಯ ಆ ಕೋಷ್ಟಕದ ಹಿರಿಮೆ: ಸತ್ತವರ ಮನೆಗೆ ಎಷ್ಟು ಕೋಣೆ? ನಮ್ಮ ನಗರಗಳ ಯಾವ ಬಡಾವಣೆಯಲ್ಲಿ ಯಾವ ನೀರು ಕುಡಿದವರು, ಯಾವ ಗಾಳಿ ಉಸಿರಾಡಿದವರು, ಯಾವ ಕಸುಬು ಮಾಡಿದವರು ಬೇಗ ಸಾಯುತ್ತಾರೆ ಎಂಬ ಕೋಷ್ಟಕವನ್ನು ಪ್ರತಿಯೊಂದು ನಗರಸಭೆಯೂ ವರ್ಷಕ್ಕೊಮ್ಮೆ ಅಚ್ಚುಹಾಕಿ ಜನರ ಮುಂದಿಡಬೇಕೆಂದು ನಾನು ಬಯಸುತ್ತೇನೆ. ಅಧಿಕಾರಿಯ ಅಭಿಪ್ರಾಯ ಏನೇ ಇರಲಿ. ಅಂಕೆ ಪ್ರಾಮಾಣಿಕವಾಗಿದ್ದರೆ ಸಾಕು. ಅದನ್ನು ಓದಿ ಪ್ರಶ್ನಿಸುವವರು ಎಂದಾದರೂ ಹುಟ್ಟುತ್ತಾರೆ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಎಂಟು ಮತ್ತು ಐದು ಎಂಬ ಎರಡು ಅಂಕೆಗಳನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆ ಲೆಕ್ಕವನ್ನು ಕೇಳಿ ಬರೆದುಕೊಳ್ಳಲು ಅವರ ಬಾಗಿಲಿಗೆ ಯಾರೂ ಬರಲಿಲ್ಲ. ಕೇಳಬಾರದೆಂದು ಅವರು ಹೇಳಿದ ಮಾತನ್ನು ನಾನು ಗೌರವದಿಂದಲೇ ಮೀರುತ್ತೇನೆ. ಕೇಳಬೇಕು.